ಚಿಕ್ಕುವಿನ ಬಟ್ಟಲು

ಎರಿನ್ ಮಿಲ್ಸ್, ಮಿಸಿಸಾಗ, ಕೆನಡಾ
ಜೂನ್ 22, 2025

ಜಯಶೀಲಾ ಆಂಟಿ,

ನೀವು ಹೇಳಿದ ಹಾಗೆ ಈಮೇಲನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ಇಂಗ್ಲಿಷಲ್ಲಿ ಬರೆದರೆ ಮಗಳು ಸಾಹಿತ್ಯ ನಿಮ್ಮ ಭುಜದ ಮೇಲಿಂದ ಓದಿಬಿಡುತ್ತಾಳೆ, ಅವಳ ಚಿಕ್ಕುಗೆ ಕಾಯಿಲೆ ಎಷ್ಟು ಸೀರಿಯಸ್ ಅಂತ ಅವಳಿಗೆ ಗೊತ್ತಾಗಬಾರದು ಅಂತ ನೀವು ಏರ್‌ಪೋರ್ಟಲ್ಲಿ ಹೇಳಿದ್ದು ನೆನಪಿದೆ. ಹಾಸ್ಟೆಲ್ ಬಿಟ್ಟಮೇಲೆ ನಾನು ಇಷ್ಟುದ್ದ ಕನ್ನಡ ಬರೆದಿಲ್ಲ. ಒತ್ತಕ್ಷರ ತಪ್ಪಿದರೆ ಫೋನಿನ ತಪ್ಪು ಅಂದುಕೊಳ್ಳಿ.

ಚಿಕ್ಕು ಚೆನ್ನಾಗಿದೆ. ನನ್ನ ಸಾಕ್ಸ್ ಕದ್ದು ಸೋಫಾದ ಕೆಳಗೆ ಗುಡ್ಡೆ ಹಾಕಿದೆ. ಅಮ್ಮನಿಗೆ ವಿಡಿಯೋ ಕಾಲಲ್ಲಿ ತೋರಿಸಿದರೆ, ಇದು ಫೆರೆಟ್, ಇಲ್ಲಿ ಮನೆಯಲ್ಲಿ ಸಾಕುವ ಪ್ರಾಣಿ ಅಂತ ಎಷ್ಟು ಹೇಳಿದರೂ ಒಪ್ಪಲಿಲ್ಲ. "ಮುಂಗುಸಿನ ಯಾರಾದ್ರೂ ಮನೇಲಿ ಸಾಕ್ತಾರೇನೇ, ಆಸ್ಪತ್ರೆಗೆ ಬೇರೆ ತೋರಿಸ್ತಾರಾ" ಅಂದಳು.

ಫ್ರಿಜ್ ಮೇಲೆ ಅಂಟಿಸಿರುವ ಡಾಕ್ಟರ ಶೀಟನ್ನು ಬಾಯಿಪಾಠ ಮಾಡಿದ್ದೇನೆ. ಬಾಲದ ಕೂದಲು ಉದುರಿರುವುದು ಅಡ್ರಿನಲ್ ಕಾಯಿಲೆಯಿಂದ, ಅದಕ್ಕೆ ಇಂಪ್ಲಾಂಟ್ ಆಗಿದೆ. ಭಯ ಇರುವುದು ಇನ್ಸುಲಿನೋಮಾದ್ದು. ಹೊಟ್ಟೆಯೊಳಗಿನ ಗಂಟು ಇನ್ಸುಲಿನ್ನನ್ನು ಸುಮ್ಮನೆ ಸುರಿಸುತ್ತದೆ, ರಕ್ತದ ಸಕ್ಕರೆ ಇಳಿಯುತ್ತದೆ, ತೀರ ಇಳಿದರೆ ಫಿಟ್ಸ್. ಸಿಹಿ ಕೊಟ್ಟರೆ ಇನ್ಸುಲಿನ್ ಇನ್ನೂ ಉಕ್ಕಿ ಮತ್ತೂ ಇಳಿಯುತ್ತದೆ. ಆದ್ದರಿಂದ ಕೋಳಿ ಮಾಂಸದ ಗಂಜಿ, ಹೊತ್ತುಹೊತ್ತಿಗೆ. ಸಿರಿಂಜಿನ ಔಷಧಿ ಬೆಳಿಗ್ಗೆ, ಸಂಜೆ. ಮಧ್ಯಾಹ್ನದ ಊಟವೂ ಸರಿಯಾಗಿ ಆಗುತ್ತಿದೆ.

ನಿಮ್ಮ ಅಪ್ಪ, ಅಜ್ಜಾರು, ಆರಾಮಾಗಿದ್ದಾರೆ. ನಾನು ಗಂಜಿ ಮಾಡುವಾಗ ಮಾತ್ರ ಅಡುಗೆಮನೆಯಿಂದ ಎದ್ದು ಹೋಗುತ್ತಾರೆ. ಬಟ್ಟಲನ್ನು ಇಕ್ಕಳದಲ್ಲಿ ಹಿಡಿದು ಸರಿಸುತ್ತಾರೆ, ಬೆರಳು ತಾಗಿಸುವುದಿಲ್ಲ. ಚಿಕ್ಕುವನ್ನು ನೋಡಿಕೊಳ್ಳಲು ಮಾಂಸ ತಿನ್ನುವ ಹುಡುಗಿಯೇ ಬೇಸ್‌ಮೆಂಟಿನ ರೂಮಿಗೆ ಬೇಕು ಅಂತ ಹುಡುಕಿದ ಲಿಂಗಾಯತರ ಮನೆ ಇಡೀ ಮಿಸಿಸಾಗದಲ್ಲಿ ನಿಮ್ಮದೊಂದೇ ಇರಬೇಕು.

ಒಂದು ಡೌಟು. ನೀವು ಚಿಕ್ಕುಗೆ ಕೊಡಲು ಹೇಳಿರುವ ಆ ಕಂದು ಬಾಟ್ಲಿಯ ಹರ್ಬಲ್ ಡ್ರಾಪ್ಸಲ್ಲಿ ಏನೇನಿದೆ? ಲೇಬಲ್ ಮೇಲೆ 'ವಿಶೇಷ ಮಿಶ್ರಣ' ಅಂತ ಮಾತ್ರ ಇದೆ.

ಧನುಶ್ರೀ


ವೈಟ್‌ಫೀಲ್ಡ್, ಬೆಂಗಳೂರು
ಜೂನ್ 24, 2025

ಧನುಶ್ರೀ,

ನಿನ್ನ ಕನ್ನಡ ಚೆನ್ನಾಗಿದೆ. ಇಲ್ಲಿ ಆಫೀಸು, ಟ್ರಾಫಿಕ್ಕು, ಮತ್ತೆ ಆಫೀಸು. ಆಗಸ್ಟ್ ಕೊನೆಗೆ ಬಿಟ್ಟುಬಿಡುತ್ತಾರೆ ಅಂತ ನಂಬಿದ್ದೇನೆ. ಸಾಹಿತ್ಯ ದಿನಾ ಮಲಗುವ ಮುಂಚೆ ಚಿಕ್ಕುವಿನ ಫೋಟೋಗೆ ಗುಡ್ ನೈಟ್ ಹೇಳುತ್ತಾಳೆ. ನಾವು ಬಾಗಿಲು ತೆಗೆದಾಗ ಅದು ಓಡಿ ಬರಬೇಕು. ನನಗೆ ಬೇಕಿರುವುದು ಅಷ್ಟೇ.

ಡ್ರಾಪ್ಸ್ ಬಗ್ಗೆ ನೀನು ತಲೆ ಕೆಡಿಸಿಕೊಳ್ಳಬೇಡ. ಗಿಡಮೂಲಿಕೆ ಅಷ್ಟೇ. ಆನ್‌ಲೈನ್ ಗ್ರೂಪಲ್ಲಿ ಎಷ್ಟೋ ಜನರ ಫೆರೆಟ್‌ಗಳು ಅದರಿಂದ ಚೇತರಿಸಿಕೊಂಡಿವೆ. ಡಾಕ್ಟರು ಆಪರೇಷನ್ ಅಂದರು. ಅಷ್ಟು ಸಣ್ಣ ಪ್ರಾಣಿಯ ಹೊಟ್ಟೆ ಕೊಯ್ಯಲು ನನಗೆ ಮನಸ್ಸಾಗಲಿಲ್ಲ. ಚೆಕಪ್ಪಿಗೆ ಹೋದಾಗ ಡ್ರಾಪ್ಸ್ ವಿಷಯ ಅವರ ಹತ್ತಿರ ಎತ್ತಬೇಡ. ಸುಮ್ಮನೆ ಲೆಕ್ಚರ್ ಕೊಡುತ್ತಾರೆ.

ಮಧ್ಯಾಹ್ನದ ಊಟ ಸರಿಯಾಗಿ ಆಗುತ್ತಿದೆ ಎಂದು ಬರೆದಿದ್ದೀಯ. ಸಂತೋಷ.

ಜಯಶೀಲಾ


ಎರಿನ್ ಮಿಲ್ಸ್
ಜುಲೈ 6, 2025

ಆಂಟಿ,

ನೀವು ಹೆದರಬಾರದು, ಈಗ ಸರಿಯಾಗಿದೆ. ಗುರುವಾರ ಸಂಜೆ ಚಿಕ್ಕು ಕೇಜಿನ ಮೂಲೆಯಲ್ಲಿ ಕೂತು ಗೋಡೆಯನ್ನೇ ನೋಡುತ್ತಿತ್ತು. ಕರೆದರೆ ತಿರುಗಲಿಲ್ಲ. ಎತ್ತಿಕೊಂಡರೆ ಹಿಂಗಾಲು ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದವು, ಬಾಯಲ್ಲಿ ಜೊಲ್ಲು. ಶೀಟಿನಲ್ಲಿ ಇದ್ದ ಹಾಗೆ ಮಾಡಿದೆ. ಸ್ವಲ್ಪ ಹೊತ್ತಿಗೆ ತಲೆ ಎತ್ತಿತು, ಗಂಜಿ ತಿಂದಿತು. ಶನಿವಾರ ಮತ್ತೆ ಅದೇ ಆಯಿತು, ಇಷ್ಟೊಂದಲ್ಲ.

ಆಂಟಿ, ನೀವು ಹೋಗುವ ತನಕ ಇದು ತಿಂಗಳಿಗೊಮ್ಮೆ ಆದರೆ ಹೆಚ್ಚು ಅಂತ ನೀವೇ ಹೇಳಿದ್ದಿರಿ. ಸಿರಿಂಜಿನ ಔಷಧಿ ಒಂದು ಸಲವೂ ಬಿಟ್ಟಿಲ್ಲ. ಕೋಳಿ ಅದೇ, ಅಂಗಡಿ ಅದೇ. ಹಾಗಾದರೆ ಉಳಿಯುವುದು ಬಾಟ್ಲಿ. ನಾನು ಒಂದು ಹನಿ ಬೆರಳಿಗೆ ಹಾಕಿ ನೆಕ್ಕಿದೆ. ಸಿಹಿಯಾಗಿದೆ. ಸಿಹಿ ಕೊಡಬಾರದು ಅಂತ ಶೀಟಿನಲ್ಲಿ ದಪ್ಪ ಅಕ್ಷರದಲ್ಲಿ ಇದೆ, ಆದರೂ ಔಷಧಿಯೇ ಸಿಹಿ. ಬಾಟ್ಲಿಯ ಹಿಂದೆ ಇರುವ ನಂಬರಿಗೆ ಫೋನ್ ಮಾಡಿದರೆ ಮೆಷಿನ್ ಮಾತಾಡುತ್ತದೆ.

ಡಾಕ್ಟರಿಗೆ ಯಾಕೆ ಹೇಳಬಾರದು? ನಾನು ಕೇಳಿದ್ದು ತಪ್ಪಾದರೆ ಬೇಜಾರು ಮಾಡಿಕೊಳ್ಳಬೇಡಿ. ನನಗೆ ರೂಮಿಗಿಂತ ಹೆಚ್ಚಾಗಿ, ಚಿಕ್ಕುಗೆ ಏನಾದರೂ ಆದರೆ ಸಾಹಿತ್ಯ ನನ್ನ ಮುಖ ನೋಡುತ್ತಾಳಲ್ಲ, ಅದರದ್ದೇ ಯೋಚನೆ.

ಧನುಶ್ರೀ


ಬೆಂಗಳೂರು
ಜುಲೈ 8, 2025

ಧನುಶ್ರೀ,

ಬಾಟ್ಲಿಯ ಮೇಲೆ ಅನುಮಾನ ಪಡುವ ಮೊದಲು ನೀನು ಮಾಡಿದ್ದನ್ನು ಯೋಚಿಸು. ಸಿಹಿ ಕೊಡಬಾರದು ಎಂದು ನನಗೇ ಪಾಠ ಹೇಳುವವಳು ಚಿಕ್ಕುವಿನ ಬಾಯಿಗೆ ಜೇನುತುಪ್ಪ ಹಚ್ಚುತ್ತಿದ್ದೀಯಲ್ಲ, ಅದು ಯಾವ ಲೆಕ್ಕ? ಮುದ್ದಿಗಾಗಿ ಕೊಡುವುದಾದರೆ ದಯವಿಟ್ಟು ನಿಲ್ಲಿಸು. ಪ್ರಾಣಿ ಕೇಳಿತು ಎಂದು ಕೊಟ್ಟು ಕೊಲ್ಲುವುದು ಬೇಡ.

ಡ್ರಾಪ್ಸ್ ಮುಂದುವರಿಸು.

ಜಯಶೀಲಾ


ಎರಿನ್ ಮಿಲ್ಸ್
ಜುಲೈ 9, 2025

ಆಂಟಿ,

ಜೇನುತುಪ್ಪದ ಬಗ್ಗೆ ನಾನು ನಿಮಗೆ ಬರೆದೇ ಇರಲಿಲ್ಲ.

ನಿಮ್ಮ ಮೇಲನ್ನು ಬಸ್ಸಲ್ಲಿ ಓದಿ, ಇಳಿಯುವ ಸ್ಟಾಪ್ ಬಿಟ್ಟು ಮುಂದೆ ಹೋಗಿದ್ದೆ. ಅಜ್ಜಾರಿಗೆ ಈಮೇಲ್ ಬರುವುದಿಲ್ಲ. ಜೇನು ಹಚ್ಚಿದಾಗ ಅವರು ಪಾರ್ಕಲ್ಲಿ ವಾಕಿಂಗಿನಲ್ಲಿದ್ದರು. ಮನೆಗೆ ಬಂದು ಲಿವಿಂಗ್ ರೂಮಿನ ಒಂದೊಂದು ಸಾಮಾನನ್ನೂ ತಿರುವಿ ನೋಡಿದೆ. ಕೇಜಿನ ಎದುರು ಶೆಲ್ಫಲ್ಲಿ, ಸಾಹಿತ್ಯ ಸ್ವಿಮ್ಮಿಂಗಲ್ಲಿ ಗೆದ್ದ ಕಪ್ಪಿನೊಳಗೆ ಅದು ಕೂತಿತ್ತು. ಬಿಳಿ ಉಂಡೆ, ನಡುವೆ ಕಪ್ಪು ಕಣ್ಣು.

ಹಾಸ್ಟೆಲಲ್ಲಿ ವಾರ್ಡನ್ ಚೆನ್ನಮ್ಮ ಮೇಡಂ ಕಿಟಕಿಯ ಆಚೆ ನಿಂತು ಕೇಳಿಸಿಕೊಳ್ಳುತ್ತಿದ್ದರು. ಅವರ ಚಪ್ಪಲಿ ಕಾಣಿಸುತ್ತಿತ್ತು, ಹಾಗಾಗಿ ನಾವು ಹುಷಾರಾಗಿರುತ್ತಿದ್ದೆವು. ನೀವು ಚಪ್ಪಲಿಯನ್ನೂ ಬಿಚ್ಚಿಟ್ಟು ನಿಂತಿದ್ದೀರಿ.

ಜೇನು ಮುದ್ದಿಗಲ್ಲ. ಶೀಟಿನ ಹಿಂಬದಿ ಓದಿ. ಹಿಂಗಾಲು ಬಿದ್ದುಹೋದಾಗ, ನುಂಗಲಾರದಿದ್ದಾಗ, ಒಸಡಿಗೆ ಸವರಿ ಎಬ್ಬಿಸಬೇಕು, ಎದ್ದ ಕೂಡಲೇ ಮಾಂಸ ತಿನ್ನಿಸಬೇಕು ಅಂತ ಇದೆ. ಅದಕ್ಕೊಂದೇ ಸಿಹಿಗೆ ಪರ್ಮಿಷನ್. ನೀವು ನೋಡಿದ್ದು ನಾನು ಅದನ್ನು ಬದುಕಿಸುತ್ತಿದ್ದುದನ್ನು.

ಕ್ಯಾಮೆರಾವನ್ನು ಗೋಡೆಗೆ ತಿರುಗಿಸಿದ್ದೇನೆ. ಪ್ಲಗ್ ತೆಗೆದಿಲ್ಲ, ಅದು ನಿಮ್ಮ ಸಾಮಾನು.

ಧನುಶ್ರೀ


ಬೆಂಗಳೂರು
ಜುಲೈ 20, 2025

ಧನುಶ್ರೀ,

ನೀನು ಬರೆಯುತ್ತೀಯೇನೋ ಎಂದು ಕಾದೆ. ಗೋಡೆಯ ಬಣ್ಣ ನೋಡಿ ಸಾಕಾಯಿತು. ಜೇನಿನ ವಿಷಯದಲ್ಲಿ ನನ್ನದು ತಪ್ಪು. ಶೀಟಿನ ಹಿಂಬದಿ ನಾನು ಓದಿರಲಿಲ್ಲ.

ಆದರೆ ಗೋಡೆ ಬರುವ ಮುಂಚೆ ನೋಡಿದ್ದನ್ನೂ ಕೇಳಿಬಿಡುತ್ತೇನೆ. ಮಂಗಳವಾರ, ಗುರುವಾರ, ಶನಿವಾರ ಮಧ್ಯಾಹ್ನ ಕೇಜಿನ ಮುಂದೆ ಬಟ್ಟಲು ತಂದಿಟ್ಟಿದ್ದು ನಿನ್ನ ಕೈ ಅಲ್ಲ, ಇಕ್ಕಳ. ನೀನು ಎಲ್ಲಿರುತ್ತೀಯ?

ಚಿಕ್ಕು ಹೇಗಿದೆ ಎಂದಾದರೂ ಬರೆ.

ಜಯಶೀಲಾ


ಎರಿನ್ ಮಿಲ್ಸ್
ಜುಲೈ 21, 2025

ಆಂಟಿ,

ಆ ಮೂರು ದಿನ ಹತ್ತಿರದ ವಾನ್ ಊರಿನ ಒಂದು ವೇರ್‌ಹೌಸಲ್ಲಿ ಬೆಳಗಿನ ಶಿಫ್ಟು. ಡಬ್ಬಕ್ಕೆ ಟೇಪ್ ಹಚ್ಚುವುದು. ನಿಮಗೆ ಹೇಳಿದರೆ ರೂಮ್ ಬಿಡಿಸುತ್ತೀರಿ ಅಂದುಕೊಂಡೆ. ಹೊರಡುವಾಗ ಗಂಜಿ ಮಾಡಿ ಬಟ್ಟಲಲ್ಲಿ ಮುಚ್ಚಿಡುತ್ತೇನೆ, ಅಜ್ಜಾರು ಕೇಜಿನ ಮುಂದೆ ಇಡುತ್ತಾರೆ. ಅಷ್ಟೇ.

ಚಿಕ್ಕು ಹೇಗಿದೆ ಅಂತ ಕೇಳಿದ್ದೀರಿ. ಚೆನ್ನಾಗಿಲ್ಲ. ನಾನು ನಿಮ್ಮ ಡ್ರಾಪ್ಸನ್ನು ಕ್ಯಾಮೆರಾ ಸಿಕ್ಕಿದ ದಿನವೇ ನಿಲ್ಲಿಸಿದೆ. ಬೈದರೆ ಬೈಯಿರಿ. ಆದರೆ ನಿಲ್ಲಿಸಿದರೂ ಅಟ್ಯಾಕ್ ನಿಲ್ಲಲಿಲ್ಲ, ಅದು ನನ್ನನ್ನು ಇನ್ನೂ ಹೆದರಿಸಿತು.

ಶನಿವಾರ ಶಿಫ್ಟ್ ಮುಗಿಸಿ ಬಂದಾಗ ಚಿಕ್ಕು ಚಪ್ಪಟೆ ಮಲಗಿತ್ತು, ಜೇನು ಸವರಿ ಎಬ್ಬಿಸಿದೆ. ಬಟ್ಟಲಲ್ಲಿ ಅರ್ಧ ಗಂಜಿ ಉಳಿದಿತ್ತು. ನಮ್ಮ ಹಾಸ್ಟೆಲಲ್ಲಿ ಒಂದು ರೂಲು, ಮಕ್ಕಳಿಗೆ ಬಡಿಸುವ ಮೊದಲು ಒಬ್ಬರು ರುಚಿ ನೋಡಿ ಸೈನ್ ಹಾಕಬೇಕು. ಹತ್ತನೇ ಕ್ಲಾಸಲ್ಲಿ ಆ ಡ್ಯೂಟಿ ನನ್ನದು. ಚಿಕ್ಕುವಿನ ಬಟ್ಟಲಿಗೆ ಯಾರೂ ರುಚಿ ನೋಡಿಲ್ಲ ಅನ್ನಿಸಿತು. ಎರಡು ಚಮಚ ಬಾಯಲ್ಲಿ ಆಡಿಸಿ ನುಂಗಿದೆ. ಉಪ್ಪಿಲ್ಲದ ಕೋಳಿ, ಎಲ್ಲೋ ಒಂದು ಹಸಿರು ಕಹಿ. ಬಾಯಿ ಕೆಟ್ಟಿತು ಅಂತ, ಸ್ಟೇಷನ್ನಲ್ಲಿ ತೆಗೆದುಕೊಂಡಿದ್ದ ಡೋನಟ್ಟನ್ನು ಕಚ್ಚಿದೆ.

ರುಚಿಯೇ ಇಲ್ಲ. ಮೇಲಿನ ಸಕ್ಕರೆ ಬಾಯಲ್ಲಿ ಮರಳಾಗಿತ್ತು.

ಇದು ನನಗೆ ಗೊತ್ತು ಆಂಟಿ. ಹಾಸ್ಟೆಲ್ ಕಾಂಪೌಂಡಲ್ಲಿ ಮಧುನಾಶಿನಿ ಬಳ್ಳಿ ಇತ್ತು. ಹೊಸದಾಗಿ ಬಂದ ಹುಡುಗಿಯರಿಗೆ ಎಲೆ ಜಗಿಸಿ ಆಮೇಲೆ ಬೆಲ್ಲ ಕೊಡುತ್ತಿದ್ದೆವು. ಬೆಲ್ಲ ಮಣ್ಣಾಗುತ್ತಿತ್ತು, ಅವರು ಅಳುತ್ತಿದ್ದರು, ನಾವು ನಗುತ್ತಿದ್ದೆವು. ಊರಲ್ಲಿ ಅದು ಶುಗರ್ ಇಳಿಸುವ ಸೊಪ್ಪು. ಇಳಿಸುವ ಸೊಪ್ಪು, ಆಂಟಿ.

ಮಾರನೇ ದಿನ ಬಾಯಿ ಸರಿಯಾದ ಮೇಲೆ ನಿಮ್ಮ ಡ್ರಾಪ್ಸ್ ಚೀಪಿ ಸಕ್ಕರೆ ತಿಂದೆ. ಸಕ್ಕರೆ ಸಿಹಿಯಾಗೇ ಇತ್ತು. ಬಾಟ್ಲಿಯಲ್ಲಿ ಅದಿಲ್ಲ. ಯಾರೋ ಬಟ್ಟಲಿಗೆ ಹಾಕುತ್ತಿದ್ದಾರೆ. ನನ್ನ ಕಣ್ಣು ತಪ್ಪಿಸಿ ಇನ್ನೊಂದು ಔಷಧಿ ಕೊಡಲು ನೀವು ಯಾರಿಗಾದರೂ ಮನೆಯ ಕೀ ಕೊಟ್ಟಿದ್ದೀರಾ? ನಿಜ ಹೇಳಿ.

ಧನುಶ್ರೀ


ಬೆಂಗಳೂರು
ಜುಲೈ 22, 2025

ಧನುಶ್ರೀ,

ಯಾರಿಗೂ ಕೀ ಕೊಟ್ಟಿಲ್ಲ. ಡೋನಟ್ ಹಳಸಿರಬೇಕು. ನೀನು ನಿದ್ದೆಗೆಟ್ಟು ಏನೇನೋ ಯೋಚಿಸುತ್ತಿದ್ದೀಯ.

ಈ ವಿಷಯ ಅಪ್ಪನ ಹತ್ತಿರ ಎತ್ತಬೇಡ. ಅವರ ಡಬ್ಬಿಗಳನ್ನು ಮುಟ್ಟಬೇಡ. ನಾನು ಬರುವ ತನಕ ಮಧ್ಯಾಹ್ನದ ಬಟ್ಟಲನ್ನು ನೀನೇ ಇಡು. ಶಿಫ್ಟ್ ಬದಲಿಸಿಕೊ.

ಜಯಶೀಲಾ


ಎರಿನ್ ಮಿಲ್ಸ್
ಜುಲೈ 29, 2025

ಆಂಟಿ,

ಡಬ್ಬಿಗಳ ಬಗ್ಗೆ ನಾನು ಕೇಳಿಯೇ ಇರಲಿಲ್ಲ. ಕೇಳದಿದ್ದಕ್ಕೆ ನೀವೇ ಉತ್ತರ ಕೊಡುತ್ತೀರಿ, ಅದು ನಿಮ್ಮ ಅಭ್ಯಾಸ. ನಿಮ್ಮ ಮೇಲ್ ಓದಿದಾಗಿನಿಂದ, ಇದನ್ನೆಲ್ಲ ನೀವೇ ಮಾಡಿಸುತ್ತಿದ್ದೀರಿ ಅಂತ ನನಗೆ ಗ್ಯಾರಂಟಿಯಾಗಿತ್ತು. ಗುರುವಾರ, ಶನಿವಾರ ರಜೆ ಹಾಕಿ ಬಟ್ಟಲನ್ನು ನಾನೇ ಇಟ್ಟೆ. ಇವತ್ತು ಶಿಫ್ಟಿಗೆ ಅಂತ ಹೊರಟು, ಎರಿನ್ ಮಿಲ್ಸ್ ಮಾಲ್ ಹತ್ತಿರ ಬಸ್ ಇಳಿದು, ಅಲ್ಲೇ ಕೂತಿದ್ದು ಮಧ್ಯಾಹ್ನ ವಾಪಸ್ ಬಂದೆ. ಶೂ ಕೈಯಲ್ಲಿ ಹಿಡಿದು ಒಳಗೆ ಬಂದೆ. ಚಪ್ಪಲಿ ಬಿಚ್ಚುವುದನ್ನು ನಿಮ್ಮಿಂದಲೇ ಕಲಿತೆ.

ಅಜ್ಜಾರು ಅಡುಗೆಮನೆಯಲ್ಲಿದ್ದರು. ಹೆಗಲ ಮೇಲೆ ಟವೆಲ್. ಸ್ಟೀಲಿನ ಡಬ್ಬಿಯಿಂದ ಒಂದು ಚಮಚ ಹಸಿರು ಪುಡಿ ತೆಗೆದು ತಮ್ಮ ಮಜ್ಜಿಗೆಗೆ ಹಾಕಿ ಕಲಕಿದರು. ಆಮೇಲೆ ಉದ್ದ ಹಿಡಿಯ ಸೌಟಿನ ತುದಿಯಲ್ಲಿ ಒಂದು ಚಿಟಿಕೆ ತೆಗೆದುಕೊಂಡು, ಕೈ ನೀಳ ಚಾಚಿ, ಮುಖ ಆ ಕಡೆ ತಿರುಗಿಸಿ, ಚಿಕ್ಕುವಿನ ಗಂಜಿಗೆ ಉದುರಿಸಿದರು. ವಿಭೂತಿ ಹಚ್ಚುವಷ್ಟೇ ಭಕ್ತಿ ಇತ್ತು.

ಏನದು ಅಂತ ಕೇಳಿದೆ. ಬೆಚ್ಚಲೂ ಇಲ್ಲ ಅವರು.

"ಮಧುನಾಶಿನಿ ತಂಗಿ. ಗದಗಿನ ಪುಡಿ. ನನಗೂ ಶುಗರ್, ಇದಕ್ಕೂ ಶುಗರ್. ನಾ ಒಬ್ಬಾವನ ತಗೊಂಡು, ಇದರ ಮಾರಿ ನೋಡಕೋತ ಕುಂಡ್ರೂದು ಹ್ಯಾಂಗ?"

ಇದಕ್ಕೆ ಶುಗರ್ ಅಂತ ಯಾರು ಹೇಳಿದರು ಅಂದೆ.

"ಜಯಾನ ಹೇಳ್ಯಾಳಲ್ಲ. ಪೇಡೆ ಕೊಡಬ್ಯಾಡಪ್ಪಾ, ಇದಕ್ಕೂ ನಿನ್ನಂಗ ಶುಗರ್ ಐತಿ ಅಂತ. ಆಕಿ ಹೋದ ಮ್ಯಾಲೆ ನಾ ಶುರು ಮಾಡೀನಿ. ಆಕಿಗೆ ಹೇಳಬ್ಯಾಡ ಮತ್ತ. ಆ ಬಾಟ್ಲಿ ಮ್ಯಾಲೆ ಭಾಳ ನಂಬಿಕಿ ಇಟ್ಟಾಳ. ನನ್ನ ಪುಡಿಲೆ ಆರಾಮ ಆತಂದ್ರ ಆಕಿಗೆ ಬ್ಯಾಸರ ಆಗತೈತಿ."

ಅಲ್ಲಿಗೆ ಎಲ್ಲ ತಿಳಿಯಿತು. ನಮ್ಮ ಕಡೆ ಶುಗರ್ ಅಂದರೆ ಒಂದೇ ಅಲ್ಲವಾ, ಏರುವ ಶುಗರ್. ಮನೆಮನೆಯಲ್ಲೂ ಅದೇ. ಇಳಿಯುವ ಶುಗರ್ ಅಂತ ಒಂದು ಇದೆ ಅಂತ ಅವರಿಗೆ ಯಾರು ಹೇಳಿದ್ದರು? ಕಡಿಮೆಯಾಗಿರುವುದನ್ನೇ ನಾನಿಲ್ಲದ ದಿನವೆಲ್ಲ ಅಷ್ಟಷ್ಟು ಕಡಿಮೆ ಮಾಡುತ್ತಾ ಬಂದಿದ್ದಾರೆ, ಪ್ರೀತಿಯಿಂದ.

ಗಂಜಿಯಲ್ಲಿ ಇರುವೆ ಬಿದ್ದಿದೆ ಅಂತ ಹೇಳಿ ಚೆಲ್ಲಿಬಿಟ್ಟೆ. ಅವರ ಮುಖ ನೋಡಿ ಬೇರೇನೂ ಹೇಳಲಾಗಲಿಲ್ಲ. ಈಗ ನೀವೇ ಹೇಳಿ.

ಧನುಶ್ರೀ


ಬೆಂಗಳೂರು
ಜುಲೈ 30, 2025

ಧನುಶ್ರೀ,

ಹೌದು, ನಾನೇ ಹಾಗೆ ಹೇಳಿದ್ದೆ. ಅಪ್ಪ ಇಂಡಿಯನ್ ಸ್ಟೋರಿನಿಂದ ಪೇಡೆ ತಂದು ಜೇಬಿನಲ್ಲಿಟ್ಟುಕೊಂಡು ಚಿಕ್ಕುವಿನ ಬಾಯಿಗಿಡುತ್ತಿದ್ದರು. ಗಂಟು, ಇನ್ಸುಲಿನ್ ಎಂದೆಲ್ಲ ವಿವರಿಸಲು ಅವತ್ತು ಟೈಮಿರಲಿಲ್ಲ, ಮೀಟಿಂಗಿತ್ತು. 'ನಿನ್ನ ಹಾಗೆ ಇದಕ್ಕೂ ಶುಗರ್' ಎಂದೆ. ತಕ್ಷಣ ನಿಲ್ಲಿಸಿದರು. ಅಷ್ಟು ಸುಲಭವಾಗಿ ಅಪ್ಪ ನನ್ನ ಮಾತು ಕೇಳಿದ್ದೇ ಅಪರೂಪ. ಆ ಖುಷಿಯಲ್ಲಿ ಮುಂದೆ ಯೋಚಿಸಲಿಲ್ಲ. ನಿನ್ನ ಡೋನಟ್ ಪತ್ರ ಓದಿದ ದಿನವೇ ಸ್ಟೀಲಿನ ಡಬ್ಬಿ ಕಣ್ಣ ಮುಂದೆ ಬಂತು. ನಂಬಲು ಇಷ್ಟವಾಗಲಿಲ್ಲ.

ಅವರಿಗೆ ಹೇಳಬೇಡ. ಗದಗಿನ ಡಿಪೋದಲ್ಲಿ ಅಷ್ಟು ವರ್ಷ ಕಂಟ್ರೋಲರ್ ಆಗಿದ್ದವರು, ತಮ್ಮ ಕೈಯಿಂದ ಒಂದು ಬಸ್ಸೂ ತಪ್ಪಿಲ್ಲ ಎಂದು ಹೇಳಿಕೊಳ್ಳುವವರು. ಮೊಮ್ಮಗಳ ಪ್ರಾಣಿಯನ್ನು ತಾವೇ ಸಾಯಿಸುತ್ತಿದ್ದುದು ತಿಳಿದರೆ ತಡೆದುಕೊಳ್ಳಲಾರರು. ಡಾಕ್ಟರು ಟೆಸ್ಟ್ ಮಾಡಿದರು, ಶುಗರ್ ನಾರ್ಮಲ್ ಆಗಿದೆ, ಇನ್ನು ಪುಡಿ ಬೇಡವಂತೆ ಎಂದು ಹೇಳಿಬಿಡು. ಅವರಿಗೂ ಸಂತೋಷ, ಚಿಕ್ಕುವೂ ಬದುಕುತ್ತದೆ.

ನಿನ್ನ ಮೇಲೆ ಅನುಮಾನಪಟ್ಟೆ. ಅದನ್ನು ಎದುರಿಗೆ ಸಿಕ್ಕಾಗ ಮಾತಾಡೋಣ.

ಜಯಶೀಲಾ


ಎರಿನ್ ಮಿಲ್ಸ್
ಆಗಸ್ಟ್ 10, 2025

ಆಂಟಿ,

ನೀವು ಹೇಳಿದ ಹಾಗೇ ಹೇಳಿದೆ. ಅಜ್ಜಾರು ಎಷ್ಟು ಖುಷಿಪಟ್ಟರು ಅಂದರೆ, ಪಾರ್ಕಲ್ಲಿ ಅವರ ಜೊತೆ ಬೆಂಚಿನಲ್ಲಿ ಕೂರುವ ಶಂಕರಪ್ಪನವರಿಗೆ ಪುಡಿ ಪೊಟ್ಟಣ ಕಟ್ಟಿಕೊಟ್ಟರು. ಗದಗಿಗೆ ಫೋನ್ ಮಾಡಿ, ಕೆನಡಾದ ಡಾಕ್ಟರ ಕೈಲಿ ಆಗದ್ದು ನನ್ನ ಪುಡಿಲೆ ಆತು ಅಂದರು. ಒಂದು ವಾರ ಚಿಕ್ಕು ಚೆನ್ನಾಗಿ ಓಡಾಡಿತು. ನನಗೂ ಸಮಾಧಾನವಾಯಿತು, ಅದೇ ನಾವು ಮಾಡಿದ ತಪ್ಪು.

ಶುಕ್ರವಾರ ಅಜ್ಜಾರು ಚಿಕ್ಕುಗೆ ಪೇಡೆ ಕೊಟ್ಟರು. ಯಾಕೆ ಕೊಡಬಾರದು ಆಂಟಿ? ಶುಗರ್ ವಾಸಿಯಾಗಿದೆ ಅಂತ ನಾವೇ ಹೇಳಿದ್ದೆವಲ್ಲ.

ನಾನು ಕ್ಲಾಸಿಂದ ಬಂದಾಗ ಚಿಕ್ಕು ಕಾರ್ಪೆಟ್ ಮೇಲೆ ಒದ್ದಾಡುತ್ತಿತ್ತು, ಕಣ್ಣು ಮೇಲೆ. ಅಜ್ಜಾರು ಪಕ್ಕದಲ್ಲಿ ಕೂತು ಅದರ ಹೆಸರು ಕರೆಯುತ್ತಿದ್ದರು. ಒಸಡಿಗೆ ಜೇನು ಸವರಿ, ಟವೆಲಲ್ಲಿ ಸುತ್ತಿ, ಟ್ಯಾಕ್ಸಿಯಲ್ಲಿ ಕ್ಲಿನಿಕ್ಕಿಗೆ ಹೋದೆವು. ಡ್ರಿಪ್ ಹಾಕಿದರು. ಡಾಕ್ಟರಿಗೆ ಎಲ್ಲ ಹೇಳಿದೆ, ಬಾಟ್ಲಿ, ಪುಡಿ, ಪೇಡೆ. ಲೆಕ್ಚರ್ ಕೊಡಲಿಲ್ಲ. ಎಲ್ಲ ಗಿಡಮೂಲಿಕೆ ನಿಲ್ಲಿಸಿ ಅಂದರು, ಇಷ್ಟು ದಿನ ಯಾಕೆ ಹೇಳಲಿಲ್ಲ ಅಂತ ಮಾತ್ರ ಕೇಳಿದರು. ಚಿಕ್ಕು ಬದುಕಿದೆ. ನಿನ್ನೆ ಮನೆಗೆ ತಂದೆವು. ಆದರೆ ಬಟ್ಟಲಿಂದ ತಿನ್ನುತ್ತಿಲ್ಲ, ಬೆರಳಲ್ಲಿ ತಿನ್ನಿಸಬೇಕು, ಒಂದು ಹೊತ್ತೂ ತಪ್ಪಿಸುವಂತಿಲ್ಲ.

ಬರುವಾಗ ಟ್ಯಾಕ್ಸಿಯಲ್ಲಿ ಅಜ್ಜಾರಿಗೆ ನಿಜ ಹೇಳಿದೆ. ನಿಮ್ಮ ಪರ್ಮಿಷನ್ ಕೇಳಲಿಲ್ಲ. ಅವರಿಗೆ ಏರುವುದು, ಚಿಕ್ಕುಗೆ ಇಳಿಯುವುದು ಅಂತ ಕೈಯಲ್ಲಿ ತೋರಿಸಿದೆ. ಅವರೂ ಹಾಗೇ ಕೈ ಒಮ್ಮೆ ಏರಿಸಿ, ಒಮ್ಮೆ ಇಳಿಸಿ ನೋಡಿದರು.

"ಜಯಾಗ ಗೊತ್ತೇನು?"

ಗೊತ್ತು ಅಂದೆ. ಯಾವಾಗಿನಿಂದ ಅಂತ ಕೇಳಿದರು. ಅದನ್ನೂ ಹೇಳಿದೆ.

"ಹಂಗಾರ ಆಕಿ ನನಗ್ಯಾಕ ಒಂದು ಫೋನ್ ಮಾಡಲಿಲ್ಲ?"

ಬೆಳಿಗ್ಗೆ ಎದ್ದಾಗ ಸ್ಟೀಲಿನ ಡಬ್ಬಿ ಬೇಸ್‌ಮೆಂಟಿನ ಮೆಟ್ಟಿಲ ಮೇಲಿತ್ತು. ಅವರು ರೂಮಿಂದ ಹೊರಗೆ ಬರುತ್ತಿಲ್ಲ.

ವೇರ್‌ಹೌಸ್ ಬಿಟ್ಟಿದ್ದೇನೆ. ಆದರೆ ಬುಧವಾರ ಮಧ್ಯಾಹ್ನ ನನಗೆ ಎಕ್ಸಾಮ್, ಬಿಡುವಂತಿಲ್ಲ. ಅವತ್ತು ತಿನ್ನಿಸಲು ಯಾರಾದರೂ ಇದ್ದರೆ ತಿಳಿಸಿ.

ಧನುಶ್ರೀ


ಬೆಂಗಳೂರು
ಆಗಸ್ಟ್ 14, 2025

ಧನುಶ್ರೀ,

ನಿನಗೆ ಉತ್ತರ ಬರೆಯಲು ಕೂತು ಎಷ್ಟೋ ಸಲ ಎದ್ದೆ. ಗೊತ್ತಿದ್ದವರಿಗೆಲ್ಲ ಫೋನ್ ಮಾಡಿದೆ. ಫೆರೆಟ್‌ಗೆ ಬೆರಳು ಕೊಡಲು ಒಬ್ಬರೂ ಒಪ್ಪಲಿಲ್ಲ. ಯಾರೂ ಸಿಗಲಿಲ್ಲ, ನೀನೇ ಎಕ್ಸಾಮ್ ಬಿಡು ಎಂದು ಬರೆಯಲೂ ಧೈರ್ಯವಾಗಲಿಲ್ಲ. ಕೊನೆಗೆ ಸಾಹಿತ್ಯಗೆ ಎಲ್ಲ ಹೇಳಿದೆ. ಅತ್ತು ಮುಗಿದ ಮೇಲೆ ಕೇಳಿದಳು, "ವೈ ಡಿಡಂಟ್ ಯು ಜಸ್ಟ್ ಟೆಲ್ ಅಜ್ಜ?"

ನಿನ್ನೆ, ನೀನು ಎಕ್ಸಾಮಿಗೆ ಹೋಗಿದ್ದ ಹೊತ್ತಿನಲ್ಲಿ, ಫೋನ್ ಸದ್ದು ಮಾಡಿತು. ಕ್ಯಾಮೆರಾ. ಇಷ್ಟು ದಿನ ಗೋಡೆ ನೋಡುತ್ತಿದ್ದದ್ದು ಅಲುಗಾಡಿತು. ಆಮೇಲೆ ಒಂದು ಕಣ್ಣು, ತೀರ ಹತ್ತಿರ, ಕನ್ನಡಕದ ಹಿಂದೆ. ಅಪ್ಪ ಅದನ್ನು ಎರಡೂ ಕೈಯಲ್ಲಿ ತಿರುಗಿಸಿ ಕೇಜಿನ ಕಡೆ ಸರಿಮಾಡಿದರು. ಅದು ಅಲ್ಲಿರುವುದು ಅವರಿಗೆ ಯಾವಾಗಿನಿಂದ ಗೊತ್ತಿತ್ತು? ನೀನು ಹೇಳಿದ್ದೆಯಾ? ಅಥವಾ ಮೊದಲ ದಿನದಿಂದಲೇ ಗೊತ್ತಿದ್ದು ಸುಮ್ಮನಿದ್ದರಾ?

ಇಕ್ಕಳ ಇರಲಿಲ್ಲ. ನೀನು ಮುಚ್ಚಿಟ್ಟಿದ್ದ ಗಂಜಿಯನ್ನು ಕೈಯಲ್ಲೇ ತಂದರು. ನೆಲದ ಮೇಲೆ ಕೂತು ಚಿಕ್ಕುವನ್ನು ತೊಡೆಯ ಮೇಲೆ ಹಾಕಿಕೊಂಡರು. ಬಟ್ಟಲನ್ನು ನೋಡುತ್ತಾ ಕೂತರು. ಎದ್ದು ಹೋಗುತ್ತಾರೆ ಎಂದುಕೊಂಡೆ. ಬೆರಳು ಅದ್ದಿದರು. ಚಿಕ್ಕು ನೆಕ್ಕಿತು. ಮತ್ತೆ ಅದ್ದಿದರು. ಈರುಳ್ಳಿ ಮುಟ್ಟಿದರೂ ಸ್ನಾನ ಮಾಡುತ್ತಿದ್ದ ನನ್ನ ಅಜ್ಜಿಯ ಮಗ ಅವರು. ಅಷ್ಟೂ ತಿನ್ನಿಸಿದರು. ಮುಗಿದ ಮೇಲೆ ಬಟ್ಟಲನ್ನು ಎತ್ತಿ, ಖಾಲಿಯಾಗಿದೆ ಎಂದು ಕಾಣುವ ಹಾಗೆ ಕ್ಯಾಮೆರಾದ ಮುಂದೆ ಹಿಡಿದರು. ಡಿಪೋದಲ್ಲಿ ಟ್ರಿಪ್ ಶೀಟ್ ತೋರಿಸುವ ಹಾಗೆ. ಮುಖದಲ್ಲಿ ಏನೂ ಇರಲಿಲ್ಲ.

ತಕ್ಷಣ ಫೋನ್ ಮಾಡಿದೆ. ಅವರ ಪಕ್ಕದಲ್ಲೇ ರಿಂಗ್ ಆಗುವುದು ನನಗೆ ಕಾಣುತ್ತಿತ್ತು. ಪರದೆಯ ಮೇಲೆ ನನ್ನ ಹೆಸರು ಓದಿದರು. ಎತ್ತಲಿಲ್ಲ. ಒಂದು ಕೈ ಚಿಕ್ಕುವಿನ ಬೆನ್ನ ಮೇಲಿತ್ತು.

ನಿದ್ದೆ ಹೋದ ಪ್ರಾಣಿ ಎದ್ದುಬಿಡುತ್ತದೆ ಎಂದು ಎತ್ತಲಿಲ್ಲ ಅಂದುಕೊಂಡಿದ್ದೇನೆ. ಹೌದೋ ಅಲ್ಲವೋ, ನೀನು ಅವರನ್ನು ಕೇಳಬೇಡ. ನಾನೇ ಬಂದು ಕೇಳುತ್ತೇನೆ.

ಜಯಶೀಲಾ